ಪಿಸ್ತಾ ಬಣ್ಣದ ಪಡಸಾಲೆ

ಈ ಬಣ್ಣವನ್ನು ಹಿಂದೆಲ್ಲಿಯೋ ನೋಡಿದ್ದೇನೆ ಎಂದು ಮಡೆಪ್ಪನಿಗೆ ಅನ್ನಿಸಿದ್ದು ಕಣ್ಣು ಬಿಟ್ಟ ಗಳಿಗೆಯಲ್ಲಿ. ಹಾಸಿಗೆಯಿಂದ ಏಳದೆ, ಮಗ್ಗುಲಾಗಿ ಮಲಗಿಯೇ ಗೋಡೆಯನ್ನು ನೋಡಿದ. ಹಿಂದಿನ ದಿನ ನಸುಕಿನಲ್ಲಿ ಔರಾದ ಬಿಟ್ಟ ಗಾಡಿ ಠಾಣಾ ಕುಶನೂರದಲ್ಲಿ ಎತ್ತಿಗೆ ನೀರು ಕುಡಿಸಿಕೊಂಡು ಭಾಲ್ಕಿ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿತ್ತು. ಪಡಸಾಲೆಯಲ್ಲಿ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದು ಬಿಟ್ಟರೆ ಅವನಿಗೆ ಬೇರೇನೂ ಕಂಡಿರಲಿಲ್ಲ. ಈಗ ಬಾಗಿಲ ಸಂದಿಯಿಂದ ಬಂದ ಬೆಳಕಿನಲ್ಲಿ ಗೋಡೆ ತನ್ನಷ್ಟಕ್ಕೆ ತಾನು ಒಣಗುತ್ತಿತ್ತು. ಒಣಗಿದ ಕಡೆ ಸುಲಿದ ಪಿಸ್ತಾದಂಥ ಮೆತ್ತನೆಯ ತಿಳಿ ಹಸಿರು. ಇನ್ನೂ ತೇವವಿದ್ದ ಮೂಲೆಗಳಲ್ಲಿ ಮಾತ್ರ ಹಳೆಯ ಬಾವಿಯ ಪಾಚಿಯಂಥ ಕಡು ಹಸಿರು. ನೋಡುತ್ತಿದ್ದಂತೆ ಆ ಕಡು ಹಸಿರು ಅಂಗುಲ ಅಂಗುಲವಾಗಿ ಹಿಂದಕ್ಕೆ ಸರಿಯುತ್ತಿತ್ತು. ಅದು ಪೂರ್ತಿ ಸರಿದು ಹೋದರೆ ತನಗೆ ಎಲ್ಲವೂ ನೆನಪಾಗಿಬಿಡುತ್ತದೆ ಎಂದು ಹೆದರಿದವನ ಹಾಗೆ ಅವನು ಎದ್ದು ಕುಳಿತ.

ಔರಾದದ ಕಚೇರಿಯಲ್ಲಿ ಮುನಶಿಯಾಗಿದ್ದ ಮಡೆಪ್ಪ ಹದಿನೈದು ದಿನಕ್ಕೊಮ್ಮೆ ಗುರುವಾರ ಮನೆಗೆ ಬರುತ್ತಿದ್ದ. ಶುಕ್ರವಾರ ಕಚೇರಿಗೆ ರಜೆ. ನಾಲ್ಕು ತಿಂಗಳಿಂದ ಪ್ರತಿ ಸಲ ಬಂದಾಗಲೂ ಮನೆ ಬೇರೆಯದೇ ಆಗಿರುತ್ತಿತ್ತು. ಮೊದಲು, ಹೊಗೆ ಹಿಡಿದು ಕಪ್ಪಾಗಿದ್ದ ಗೋಡೆಯ ಗೂಡುಗಳಿಗೆ ತಿಳಿ ಗುಲಾಬಿ ಬಣ್ಣ ಬಂದಿತ್ತು. ಬೀದರಿನ ಕೆಂಪು ಮಣ್ಣನ್ನು ಒಂದು ಚಿಟಿಕೆಯಷ್ಟು ಸುಣ್ಣಕ್ಕೆ ಕಲಸಿದರೆ ಹೀಗಾಗುತ್ತದಂತೆ, ಹೆಂಡತಿ ಸುಂದರಬಾಯಿ ಹೇಳಿದ್ದಳು. ಹೆಂಗಸಿನ ಹುಚ್ಚು ಎಂದು ಅವನು ನಕ್ಕಿದ್ದ. ಮುಂದಿನ ಸಲ ಆ ಗೂಡಿನಲ್ಲಿ ಒಂದು ಬಿದರಿ ಹೂದಾನಿ ಇತ್ತು; ಕಪ್ಪು ಮೈಯ ಮೇಲಿನ ಬೆಳ್ಳಿಯ ಬಳ್ಳಿಯಲ್ಲಿ ಅರ್ಧದಷ್ಟು ಎಲೆ ಉದುರಿ ಹೋಗಿದ್ದವು. ಅದರ ಮುಂದಿನ ಸಲ ತೊಲೆಗೆ ಗುಲಾಬಿ ಗಾಜಿನ ದೀಪವೊಂದು ತೂಗುತ್ತಿತ್ತು. ಹದಿನೈದು ದಿನದ ಹಿಂದೆ ಕಪ್ಪು ಕಟ್ಟಿನ ದೊಡ್ಡ ಕನ್ನಡಿ ಬಂದಿತ್ತು. ಅಂಚಿನಲ್ಲಿ ರಸ ಹೋಗಿ, ಅದರಲ್ಲಿ ಮುಖ ನೋಡಿಕೊಂಡರೆ ಒಂದು ಕೆನ್ನೆ ಇಲ್ಲಿ, ಒಂದು ಎಲ್ಲಿಯೋ. ಅಷ್ಟು ಹೊತ್ತಿಗೆ ಅವನ ನಗು ನಿಂತುಹೋಗಿತ್ತು. ಇವನ್ನೆಲ್ಲ ತರುವವನು ಸುಣ್ಣ ಬಳಿಯುವ ಲಾಲ ಅಹ್ಮದ. ತಾನು ಇಲ್ಲದ ಹದಿನಾಲ್ಕು ದಿನ ಅವನು ಎಷ್ಟು ಸಲ ಬರುತ್ತಾನೆ, ಎಷ್ಟು ಹೊತ್ತು ಇರುತ್ತಾನೆ, ಯಾರ ಎದುರಿಗೆ ಬರುತ್ತಾನೆ ಎಂದು ಮಡೆಪ್ಪ ಕೇಳಿರಲಿಲ್ಲ. ಕೇಳುವುದೇ ಕೀಳು ಎಂದು ಸುಮ್ಮನಿದ್ದ, ಸುಮ್ಮನಿದ್ದದ್ದರಿಂದಲೇ ಅದನ್ನು ಬಿಟ್ಟು ಬೇರೇನನ್ನೂ ಯೋಚಿಸಲಾರದವನಾಗಿದ್ದ. ಎದುರು ಮನೆಯವರು ಇದಕ್ಕೆ ನವಾಬರ ಮನೆ ಎಂದು ಹೆಸರಿಟ್ಟಿದ್ದರು. ಹೋದ ವಾರ ಕಚೇರಿಯಲ್ಲಿ ಜೊತೆಯ ಗುಮಾಸ್ತ ಖಾಜಾ ಮಿಯಾ, ಎಲೆ ಅಗಿಯುತ್ತ, ತಲೆ ಎತ್ತದೆ, ನಿಮ್ಮ ಮನೆ ಹವೇಲಿಯಾಗಿದೆಯಂತಲ್ಲ ಅಂದಿದ್ದ. ಭಾಲ್ಕಿಯ ಒಂದು ಓಣಿಯೊಳಗಿನ ಗೋಡೆಯ ಬಣ್ಣ ಔರಾದದ ಕಚೇರಿಯ ಮೇಜಿನವರೆಗೆ ಹೇಗೆ ಹೋಯಿತು? ಖಾಜಾ ಮಿಯಾ ಸುಮ್ಮನೆ ಅಂದದ್ದೋ, ಯಾರೋ ಹೇಳಿಸಿದ್ದೋ?

ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದರೂ ದೃಷ್ಟಿ ಲಿಂಗದ ಮೇಲೆ ನಿಲ್ಲಲಿಲ್ಲ. ಅಡಿಗೆಮನೆಯಲ್ಲಿ ಸುಂದರಬಾಯಿ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಚುರುಕಾಗಿತ್ತು. ಅವಳು ಏನನ್ನೋ ಕಾಯುತ್ತಿದ್ದಾಳೆ. ಹೊಸ ಇಳಕಲ್ಲು ಸೀರೆ ಉಟ್ಟಿದ್ದಾಳೆ, ಯಾವ ಹಬ್ಬವೂ ಇಲ್ಲ. ಪೂಜೆಯನ್ನು ಅರ್ಧಕ್ಕೇ ಮುಗಿಸಿದೆನೆಂಬ ಅಳುಕಿನಲ್ಲಿ ಅವನು ಲಿಂಗವನ್ನು ಕೊರಳ ಕರಡಿಗೆಯಲ್ಲಿ ಇಟ್ಟುಕೊಂಡು, ರೊಟ್ಟಿಯ ಮುಂದೆ ಕೂತು, ಬೇರೆಲ್ಲಿಯೋ ನೋಡುತ್ತ ಕೇಳಿದ.

“ಈ ಬಣ್ಣ ಯಾರು ಹೇಳಿದ್ರು ನಿನಗ?”

“ಯಾಕ್ರಿ, ಛಲೋ ಇಲ್ಲೇನ್ರಿ?”

“ಛಲೋ ಅದನೋ ಇಲ್ಲೋ ಕೇಳಿಲ್ಲ. ಯಾರು ಹೇಳಿದ್ರು?”

ಸುಂದರಬಾಯಿ ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿದಳು. ಹೇಳಿದವರು ಇವತ್ತು ಮಧ್ಯಾಹ್ನ ನಮಾಜಾದ ಮೇಲೆ ನೋಡಲಿಕ್ಕೆ ಬರುತ್ತಾರೆ, ಆಗ ನೀವೇ ಕೇಳಿರಂತೆ ಅಂದಳು. ಅವಳ ದನಿಯಲ್ಲಿ ಗುಟ್ಟು ಇದ್ದಂತೆಯೂ ಇತ್ತು, ಬರೀ ಸಂತೋಷ ಇದ್ದಂತೆಯೂ ಇತ್ತು. ಎರಡರ ನಡುವಿನ ಅಂತರ ತನಗೆ ತಿಳಿಯದೆ ಹೋಗಿದೆ ಎಂಬುದು ಮಡೆಪ್ಪನಿಗೆ ಆ ಬೆಳಿಗ್ಗೆ ಮೊದಲ ಬಾರಿ ಹೊಳೆಯಿತು. ಹದಿನೇಳು ವರ್ಷದ ಸಂಸಾರ. ಅವಳು ನಕ್ಕರೆ ಯಾಕೆ ನಕ್ಕಳೆಂದು ನೋಡುವುದು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆಂದು ನೋಡುವುದು. ಕಚೇರಿಯಲ್ಲಿ ಅರ್ಜಿಗಳನ್ನು ಓದಿ ಓದಿ, ಯಾವ ಸಾಲಿನ ಹಿಂದೆ ಏನು ಅಡಗಿದೆ ಎಂದು ಹುಡುಕುವ ಚಾಳಿ ಮನೆಯೊಳಕ್ಕೂ ಬಂದುಬಿಟ್ಟಿತ್ತು.

ಕೈ ತೊಳೆದುಕೊಂಡು ಪಡಸಾಲೆಗೆ ಬಂದ. ಬಿಸಿಲು ಏರಿತ್ತು. ಗೋಡೆ ಪೂರ್ತಿ ಒಣಗಿ ಒಂದೇ ಬಣ್ಣವಾಗಿತ್ತು. ಗುಲಾಬಿ ಗೂಡಿನಲ್ಲಿ ಹೂದಾನಿ, ಮೇಲೆ ಗಾಜಿನ ದೀಪ, ಎಡಗಡೆ ಕನ್ನಡಿ. ಒಂದೊಂದಾಗಿ ಬಂದಾಗ ಬರೀ ಹಳೆಯ ಸಾಮಾನಾಗಿ ಕಂಡಂಥವು ಈಗ ಹಸಿರು ಗೋಡೆಯ ಮುಂದೆ ಒಟ್ಟಿಗೆ ನಿಂತಿದ್ದವು. ಇದು ಅದೇ ಕೋಣೆ. ಬೀದರಿನಲ್ಲಿ, ಚೌಬಾರಾದ ಹಿಂದಿನ ಓಣಿಯ ಹವೇಲಿಯಲ್ಲಿ, ಒಂಬತ್ತು ವರ್ಷದ ಹಿಂದೆ ತಾನು ಚಾಪೆಯ ಮೇಲೆ ಕೂತು ಲೆಕ್ಕಣಿಕೆ ಹಿಡಿದು ಬರೆದದ್ದು ಇದೇ ಕೋಣೆಯ ಪಟ್ಟಿಯನ್ನು. ಮಕ್ಕಳಿಲ್ಲದೆ ತೀರಿಕೊಂಡ ಮುದಿ ಸಾಹೇಬರ ಆಸ್ತಿಯನ್ನು ಅವರ ಅಣ್ಣನ ಮಕ್ಕಳಿಗೆ ಒಪ್ಪಿಸಬೇಕಿತ್ತು. ಆಸ್ತಿ ವಹಿಸಿಕೊಡುವ ಅಧಿಕಾರಿ ಅಮೀನರ ಜೊತೆ ಪಟ್ಟಿ ಬರೆಯಲು ಹೋದವನು ಮಡೆಪ್ಪ. ಅಮೀನರು ಊಟಕ್ಕೆಂದು ಹೊರಗಿನ ದಿವಾನಖಾನೆಗೆ ಹೋದಾಗ ಪರದೆಯ ಆಚೆಯಿಂದ ಒಂದು ದನಿ ಬಂದಿತ್ತು. ಅತ್ತು ಅತ್ತು ಕರ್ಕಶವಾದ, ಆದರೂ ಗತ್ತು ಬಿಡದ, ಸಾಹೇಬರ ವಿಧವೆಯ ದನಿ. ಮುನಶೀಜಿ, ಬೇರೆ ಏನು ಬೇಕಾದರೂ ಬರೆದುಕೊಳ್ಳಿ, ಈ ಒಂದು ಕೋಣೆಯ ಸಾಮಾನು ನನ್ನ ತವರಿನದು. ಕನ್ನಡಿ, ದೀಪ, ಹೂದಾನಿ, ಇವನ್ನು ನನ್ನ ಹೆಸರಿನಲ್ಲಿ ಬೇರೆ ಬರೆಯಿರಿ. ಹೂನ್ರಿ, ಬರೀತೇನಿ, ಅಂದಿದ್ದ ಅವನು. ಪರದೆಯ ಅಡಿಯಿಂದ ಗೋರಂಟಿ ಮಾಸಿದ ಕೈಯೊಂದು ಶರಬತ್ತಿನ ಲೋಟವನ್ನು ಅವನತ್ತ ಸರಿಸಿತು. ಅದೇ ಗಳಿಗೆಯಲ್ಲಿ ಬಾಗಿಲಲ್ಲಿ ನಿಂತಿದ್ದ ಕಚೇರಿಯ ಜವಾನ ನಕ್ಕ. ಓಹೋ, ಮುನಶಿಯವರಿಗೆ ಶರಬತ್ತು ಬಂತು ಅಂದ. ಅಷ್ಟೇ. ಆ ನಗು ಕಚೇರಿಗೆ ಹೋಗಿ ಲಂಚದ ಸುದ್ದಿಯಾಗುತ್ತದೆ ಎಂಬುದು ಮಡೆಪ್ಪನಿಗೆ ಗೊತ್ತಿತ್ತು. ನೌಕರಿಗೆ ಸೇರಿ ಎರಡು ವರ್ಷವಾಗಿರಲಿಲ್ಲ. ಅಮೀನರು ಬಂದು, ಯಾರದಾದರೂ ಬೇರೆ ಸಾಮಾನು ಇದೆಯೇ ಎಂದು ಕೇಳಿದಾಗ, ಏನೂ ಇಲ್ಲ ಸಾಹೇಬರೆ ಅಂದ. ಪರದೆಯ ಆಚೆ ಬೀಗದಕೈ ಗೊಂಚಲು ಒಂದು ಸಲ ಸದ್ದಾಯಿತು. ಅಧಿಕಾರಿಯಾದ ಅಮೀನರ ಮುಂದೆ ಆಕೆ ದನಿ ಎತ್ತಲಿಲ್ಲ. ತಾನು ಲಂಚ ತಿಂದಿಲ್ಲ, ಕದ್ದಿಲ್ಲ, ಸುಳ್ಳು ಬರೆದಿಲ್ಲ. ಬರೆಯಬೇಕಾದ ಒಂದು ಸಾಲನ್ನು ಬರೆಯಲಿಲ್ಲ, ಅಷ್ಟೇ, ಎಂದು ಒಂಬತ್ತು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದ.

ಈಗ ಆ ಕೋಣೆ ಬೀದರಿನಿಂದ ಎದ್ದು ಬಂದು ಅವನ ಮನೆಯಲ್ಲಿ ಕೂತಿತ್ತು. ಇದನ್ನು ಯಾರೋ ಮಾಡಿಸುತ್ತಿದ್ದಾರೆ. ಪಟ್ಟಿ ಬರೆದವನ ಮನೆಯಲ್ಲೇ ಪಟ್ಟಿಯ ಸಾಮಾನು ಸಿಕ್ಕಿತು ಎಂದರೆ ಸಾಕಲ್ಲ, ನಂಬದವರು ಯಾರು? ಖಾಜಾ ಮಿಯಾನ ಮಾತಿಗೆ ಈಗ ಅರ್ಥ ಬಂತು. ಲಾಲ ಅಹ್ಮದ ಯಾರ ಕೈಯ ಆಳು? ಸುಂದರಬಾಯಿಗೆ ಗೊತ್ತಿದೆಯೇ? ಗೊತ್ತಿದ್ದೇ, ತನ್ನ ಮುಖ ಯಾವ ಸಾಮಾನಿಗೆ ಬಿಳಿಚಿಕೊಳ್ಳುತ್ತದೆ ಎಂದು ನೋಡಲಿಕ್ಕೆ ಒಂದೊಂದನ್ನೇ ತಂದಿಟ್ಟಳೇ? ಹಾಗೆ ನೋಡಿದರೆ ಪ್ರತಿ ಸಲವೂ ಅವಳು ಪಕ್ಕದಲ್ಲಿ ನಿಂತು ತನ್ನ ಮುಖವನ್ನೇ ನೋಡಿದ್ದಳು. ಹೇಗಿದೆ ಎಂದು ಕೇಳಿದ್ದಳು. ಹೆಂಡತಿಯಾದವಳು ಹೊಸ ಸಾಮಾನು ತಂದರೆ ಗಂಡನ ಮುಖವನ್ನು ನೋಡದೆ ಇನ್ನೇನು ನೋಡುತ್ತಾಳೆ ಎಂದು ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ ಲಾಲ ಅಹ್ಮದ ಬಕೆಟ್ಟು, ಸುಣ್ಣ ಬಳಿಯುವ ಕೂಚು ಹಿಡಿದು ಅಂಗಳದಲ್ಲಿ ಸಲಾಮು ಮಾಡಿದ.

ಮಡೆಪ್ಪ ಅವನನ್ನು ಬಾವಿಯ ಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ, ಕಚೇರಿಯಲ್ಲಿ ಸಾಕ್ಷಿದಾರರನ್ನು ಕೇಳುವ ದನಿಯಲ್ಲಿ ಕೇಳಿದ. ಐವತ್ತು ದಾಟಿದ, ಗಡ್ಡದಲ್ಲಿ ಸದಾ ಸುಣ್ಣದ ಹನಿ ಇರುವ ಆ ಮನುಷ್ಯ ಯಾವುದನ್ನೂ ಮುಚ್ಚಿಡಲಿಲ್ಲ. ಮುಚ್ಚಿಡದಿರುವುದೇ ಮಡೆಪ್ಪನಿಗೆ ಇನ್ನಷ್ಟು ಗುಮಾನಿಯಾಯಿತು. ಕನ್ನಡಿ ಚೌಬಾರಾದ ಹತ್ತಿರ ಒಬ್ಬ ಹಜಾಮನ ಅಂಗಡಿಯಲ್ಲಿತ್ತಂತೆ. ದೀಪ ಒಬ್ಬ ಕಲಾಯಿಗಾರನ ಮನೆಯಲ್ಲಿ, ಹೂದಾನಿ ಮನ್ನಳ್ಳಿಯ ಒಬ್ಬ ರೈತನ ಮನೆಯ ಕಾಳಿನ ಗಡಿಗೆಯ ಮುಚ್ಚಳಕ್ಕೆ ಭಾರವಾಗಿ ಕೂತಿತ್ತಂತೆ. ಅಣ್ಣನ ಮಕ್ಕಳು ಮಾರಿದ್ದು ಎಲ್ಲೆಲ್ಲೋ ಹೋಗಿತ್ತು. ಮನೆಯ ಬಾಯಿಯವರು ಜೋಳ, ತೊಗರಿ ಕೊಟ್ಟು ಬಿಡಿಸಿಕೊಂಡು ಬಾ ಅಂದರು, ತಂದುಕೊಟ್ಟೆ, ಅಂದ ಲಾಲ ಅಹ್ಮದ. ಯಾವುದು ಎಲ್ಲಿದೆ ಎಂದು ಹೇಳಿದವರು, ಬಣ್ಣಕ್ಕೆ ಎಷ್ಟು ನೀಲಿ, ಎಷ್ಟು ಹಳದಿ ಮಣ್ಣು ಎಂದು ಹೇಳಿದವರು ನನ್ನ ದೂರದ ಚಿಕ್ಕಮ್ಮ. ಎರಡು ವರ್ಷದಿಂದ ದರ್ಗಾದ ಹಿಂದಿನ ಓಣಿಯಲ್ಲಿ ನನ್ನ ಮಗ್ಗುಲ ಮನೆಯಲ್ಲೇ ಇದ್ದಾರೆ, ಬಿಸ್ಮಿಲ್ಲಾಬೀ ಎಂದು.

ಆ ಹೆಸರನ್ನು ಮಡೆಪ್ಪ ಪಟ್ಟಿಯಲ್ಲಿ ಬರೆದಿರಲಿಲ್ಲ. ಬರೆಯಬೇಕಾಗಿದ್ದ ಸಾಲಿನಲ್ಲಿ ಇರಬೇಕಾಗಿದ್ದ ಹೆಸರು ಅದು.

ಔರಾದಕ್ಕೆ ಇವತ್ತೇ ಹೊರಡುತ್ತೇನೆ, ಕೆಲಸ ನೆನಪಾಯಿತು ಎಂದು ಅವನು ಒಳಗೆ ಬಂದು ಹೇಳಿದ. ಶುಕ್ರವಾರ ಯಾವ ಕೆಲಸ ಎಂದು ಸುಂದರಬಾಯಿ ಕೇಳಿದಳು. ಅವನು ರುಮಾಲು ಸುತ್ತಿಕೊಳ್ಳತೊಡಗಿದ. ಆಕೆ ಕಣ್ಣಿನಲ್ಲಿ ಪೊರೆ ಬಂದ ಮುದುಕಿ, ಆಕೆಯ ಹಳೆಯ ಕೋಣೆಯ ಮಾತು ಕೇಳಿ ಕೇಳಿಯೇ ನನಗೆ ಈ ಆಸೆ ಹುಟ್ಟಿದ್ದು, ಎರಡು ವರ್ಷ ಈ ಊರಲ್ಲಿದ್ದು ಯಾರ ಮನೆಗೂ ಹೋದವಳಲ್ಲ, ನಾನು ಹತ್ತು ಸಲ ಕರೆದ ಮೇಲೆ ಬರುತ್ತಿದ್ದಾಳೆ, ಮನೆಯ ಯಜಮಾನರು ಇಲ್ಲದಿದ್ದರೆ ಆಕೆಗೆ ಅವಮಾನವಲ್ಲವೇ ಅಂದಳು. ಕಣ್ಣು ಕಾಣುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ಮಡೆಪ್ಪನ ಎದೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾಯಿತಲ್ಲ ಎಂದು ಒಂದು ಚೂರು ಸಮಾಧಾನವೂ ಆಯಿತು. ಉಳಿದುಕೊಂಡ.

ನಮಾಜು ಮುಗಿದು ಬಹಳ ಹೊತ್ತಾದ ಮೇಲೆ ಲಾಲ ಅಹ್ಮದ ಆಕೆಯನ್ನು ಬಾಗಿಲವರೆಗೆ ತಂದು ಬಿಟ್ಟು ಬೇರೆ ಕೆಲಸಕ್ಕೆ ಹೋದ. ಬಿಳಿಯ ಚಾದರ ಹೊದ್ದ ಕುಳ್ಳಗಿನ ಮುದುಕಿ, ಕೈಯಲ್ಲಿ ಕೋಲು. ಸುಂದರಬಾಯಿ ಅಕ್ಕನನ್ನು ಕರೆಯುವಂತೆ ಆಪಾ ಆಪಾ ಎನ್ನುತ್ತ ಕೈ ಹಿಡಿದು ಒಳಗೆ ಕರೆತಂದಳು. ಮಡೆಪ್ಪ ಕಂಬಕ್ಕೆ ಒರಗಿ ನಿಂತ; ಉಸಿರನ್ನೂ ಸಣ್ಣದು ಮಾಡಿಕೊಂಡ. ಆಕೆಗೆ ಮುಖ ಕಾಣದು, ಗುರುತು ಹತ್ತಿದರೆ ದನಿಯಿಂದಲೇ. ತಾನು ಒಂದು ಮಾತೂ ಆಡದೆ ಇದ್ದರೆ ಈ ಮಧ್ಯಾಹ್ನ ದಾಟಿಹೋಗುತ್ತದೆ. ಮನೆಯವರು ಇದ್ದಾರೆ ಎಂದು ಸುಂದರಬಾಯಿ ಹೇಳಿದಾಗ ಕಾಣದವಳ ಮುಂದೆ ಸುಮ್ಮನೆ ಕೈ ಮುಗಿದ. ಹೆಂಡತಿ ಅವನ ಕಡೆ ಹುಬ್ಬು ಗಂಟಿಕ್ಕಿ ನೋಡಿದಳು, ಮಾತಾಡಿರಲ್ಲ ಎಂಬಂತೆ. ಅವನು ನೆಲ ನೋಡಿದ.

ಬಿಸ್ಮಿಲ್ಲಾಬೀ ಗೋಡೆಗೆ ಅಂಗೈ ಹಚ್ಚಿದಳು. ಹಾಗೇ ಹಚ್ಚಿಕೊಂಡು ನಡೆದಳು. ಸುಂದರಬಾಯಿ ಕೊಟ್ಟ ಹೂದಾನಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳಿನಿಂದ ಬಳ್ಳಿಯನ್ನು ಹಿಂಬಾಲಿಸಿ, ಎಲೆ ಉದುರಿದ ಕಡೆ ನಿಂತು, ಮತ್ತೆ ಮುಂದೆ ಹೋದಳು. ಇದನ್ನು ತನ್ನ ತಂದೆ ಮಾಡಿಸಿದ್ದು, ಮಾಡಿದವನು ಆರು ತಿಂಗಳು ತಗೊಂಡಿದ್ದು, ಮದುವೆಯ ಹಿಂದಿನ ದಿನ ಕೈಗೆ ಬಂದದ್ದು, ಎಲ್ಲ ಹೇಳಿದಳು. ಸುಂದರಬಾಯಿ ಮಜ್ಜಿಗೆ ತಂದಳು. ಮನೆಯ ಹಿತ್ತಾಳೆಯ ಲೋಟದಲ್ಲೇ ತಂದಳು, ದಿನಾ ತಾನು ಕುಡಿಯುವ ಲೋಟದಲ್ಲಿ. ಮಡೆಪ್ಪನಿಗೆ ಅದು ಕಸಿವಿಸಿಯಾಯಿತು; ಕಸಿವಿಸಿಯಾದದ್ದನ್ನು ಹೆಂಡತಿ ನೋಡಿದಳು. ಆಪಾ, ಬಣ್ಣ ನೀವು ಹೇಳಿದಂಗೇ ಆಗೇದ್ರಿ, ಎಂದು ಅವಳು ಹೇಳಿದಾಗ ಮುದುಕಿ ನಕ್ಕಳು. ನಿನಗೆ ಹ್ಯಾಗೆ ಗೊತ್ತು ಬೇಟಿ, ನೀನು ಆ ಕೋಣೆಯನ್ನು ನೋಡಿಲ್ಲ; ನಾನು ಈ ಕೋಣೆಯನ್ನು ನೋಡಲಾರೆ; ಎರಡನ್ನೂ ನೋಡಿದವರು ಒಬ್ಬರಾದರೂ ಇದ್ದಿದ್ದರೆ ಹೇಳಬಹುದಿತ್ತು, ಅಂದಳು.

ಅದು ಸುಮ್ಮನೆ ಆಡಿದ ಮಾತು ಇರಬಹುದು. ತನಗಾಗಿಯೇ ಆಡಿದ್ದು ಇರಬಹುದು. ಮಡೆಪ್ಪ ಎರಡನ್ನೂ ತೂಗಿ ನೋಡುತ್ತ ನಿಂತ. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಗೋಡೆಯ ಮೇಲೆ ಬಿಸಿಲಿನ ಪಟ್ಟಿ ಕನ್ನಡಿಯ ಅಂಚಿಗೆ ಬಂದಿತ್ತು. ಮುದುಕಿಯ ಮುಖ ಕಂಬದ ಕಡೆಗೇ ತಿರುಗಿತ್ತು. ಪೊರೆ ಬಂದ ಕಣ್ಣು ಎಲ್ಲಿ ನೋಡುತ್ತದೆ ಎಂದು ಹೇಳುವುದು ಹೇಗೆ? ತಾನು ಬಾಯಿ ತೆರೆದದ್ದು ಅವನಿಗೆ ತಡವಾಗಿ ಗೊತ್ತಾಯಿತು.

“ಅದೇ ಬಣ್ಣ ಅದ್ರಿ,” ಅಂದ.

ಆಕೆಯ ಬೆರಳು ಹೂದಾನಿಯ ಮೇಲೆ ನಿಂತವು. ಸುಂದರಬಾಯಿ ತಿರುಗಿ ನೋಡಿದಳು. ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

“ಆ ದಿನ ಪಟ್ಟಿ ಬರದಾಂವ ನಾನೇ ರಿ. ಬರೀತೇನಿ ಅಂದಿದ್ದೆ. ಬರೀಲಿಲ್ಲ.”

ತನ್ನ ಮಾತು ಇಷ್ಟು ಸಣ್ಣದಾಗಿತ್ತೇ ಎಂದು ಮಡೆಪ್ಪನಿಗೆ ಆಶ್ಚರ್ಯವಾಯಿತು. ಒಂಬತ್ತು ವರ್ಷ ಹೊತ್ತದ್ದು ಮೂರು ವಾಕ್ಯವಾಗಿ ನೆಲದ ಮೇಲೆ ಬಿದ್ದಿತ್ತು. ಬೈಯಲಿ ಎಂದು ಕಾದ. ಬಿಸ್ಮಿಲ್ಲಾಬೀ ಮಜ್ಜಿಗೆಯ ಲೋಟವನ್ನು ಎತ್ತಿ, ನಿಧಾನವಾಗಿ, ತಳದವರೆಗೆ ಕುಡಿದು, ಸುಂದರಬಾಯಿಯ ಕೈಗೆ ಕೊಟ್ಟಳು. ಬಾಗಿಲ ಮಗ್ಗುಲ ಗೋಡೆಗೆ ಇನ್ನೊಂದು ಕೈ ಬಣ್ಣ ಬೇಕು, ಅಂಗೈಗೆ ಒರಟು ಹತ್ತುತ್ತದೆ ಅಂದಳು. ಆಮೇಲೆ, ಹೊತ್ತಾಯಿತು, ಮನೆಗೆ ಹೋಗುತ್ತೇನೆ ಅಂದಳು.

ಲಾಲ ಅಹ್ಮದ ಬಂದಿರಲಿಲ್ಲ. ಸುಂದರಬಾಯಿ ಗಂಡನ ಮುಖ ನೋಡದೆ, ನೀವು ಬಿಟ್ಟು ಬರ್ರಿ ಅಂದಳು. ಮಡೆಪ್ಪ ಕೋಲಿನ ತುದಿ ಹಿಡಿದು ಮುಂದೆ ನಡೆದ, ಆಕೆ ಇನ್ನೊಂದು ತುದಿ ಹಿಡಿದು ಹಿಂದೆ. ಸಂಜೆಯ ಬಿಸಿಲು ಓಣಿಯಲ್ಲಿ ಉದ್ದಕ್ಕೆ ಬಿದ್ದಿತ್ತು. ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿದರು. ವಿಭೂತಿಯ ಮುನಶಿ ಮುಸಲ್ಮಾನ ಮುದುಕಿಯನ್ನು ಹೀಗೆ ನಡೆಸಿಕೊಂಡು ಹೋಗುವುದಕ್ಕೆ ಅವರು ಏನು ಕಾರಣ ಕಟ್ಟುತ್ತಾರೆ ಎಂದು ಅವನು ಯೋಚಿಸಿದ. ಇಳಿಜಾರಿನಲ್ಲಿ ಕಲ್ಲು ಇದೆ ಎಂದು ಹೇಳಬೇಕಾದಾಗ ಹೇಳಿದ. ಆಕೆ ಹೂಂ ಅಂದಳು. ದರ್ಗಾದ ಹಿಂದೆ, ಒಂದೇ ಕೋಣೆಯ ಮಣ್ಣಿನ ಮನೆ. ಬಾಗಿಲು ತೆರೆದಾಗ ಒಳಗೆ ಕಂಡದ್ದು ಒಂದು ಚಾಪೆ, ಒಂದು ಗಡಿಗೆ, ಬರಿಯ ಮಣ್ಣಿನ ಗೋಡೆ. ಆ ಸಾಮಾನೆಲ್ಲ ನಾಳೆಯೇ ಇಲ್ಲಿಗೆ ಕಳಿಸುತ್ತೇನೆ ಎಂದು ಮಡೆಪ್ಪ ಹೇಳಿದ. ಆಕೆ ಹೊಸ್ತಿಲ ಮೇಲೆ ನಿಂತು, ಯಾಕೆ, ನಿಮ್ಮ ಹೆಂಡತಿ ಅಷ್ಟು ಆಸೆಯಿಂದ ಇಟ್ಟುಕೊಂಡಿದ್ದಾಳೆ, ನನಗೆ ಕತ್ತಲಲ್ಲಿ ಕನ್ನಡಿ ಯಾಕೆ ಅಂದಳು. ಒಂದು ಕ್ಷಣ ಬಿಟ್ಟು, ದನಿ ತಗ್ಗಿಸಿದಳು.

“ಮುನಶೀಜಿ, ಅವು ನನ್ನ ತವರಿನವಲ್ರಿ. ಹವೇಲಿಯವೇ. ಆ ದಿನ ನಾ ಸುಳ್ಳ ಹೇಳಿದೆ. ನೀವು ಬರೀಲಿಲ್ಲ, ಛಲೋ ಮಾಡಿದ್ರಿ.”

ಬಾಗಿಲು ಮುಚ್ಚಿತು. ಒಳಗೆ ಅಗಳಿ ಬಿದ್ದ ಸದ್ದು.

ಮಡೆಪ್ಪ ಅಲ್ಲೇ ನಿಂತ. ಒಂದು ಗಳಿಗೆ ಮೈಯೆಲ್ಲ ತಂಪಾದಂತಾಯಿತು, ಕುಣಿಯಬೇಕೆನಿಸಿತು. ಮರುಗಳಿಗೆಯೇ, ಹಾಗಾದರೆ ಈಗ ಸ್ವಲ್ಪ ಹೊತ್ತಿನ ಮುಂಚೆ ಸುಂದರಬಾಯಿಯ ಎದುರು ಹೇಳಿದ ತಂದೆ, ಆರು ತಿಂಗಳು ಕೂತು ಬಳ್ಳಿ ಕೆತ್ತಿದವನು, ಮದುವೆಯ ಹಿಂದಿನ ದಿನ? ಅದು ಸುಳ್ಳೋ, ಇದು ಸುಳ್ಳೋ? ಸುಳ್ಳಿನ ಮೇಲೆ ಯಾರಾದರೂ ಬೆರಳನ್ನು ಹಾಗೆ ಆಡಿಸುತ್ತಾರೆಯೇ? ತನ್ನ ದನಿಯ ನಡುಕವನ್ನು ಕೇಳಿ, ಪಾಪ ಎಂದು, ಭಿಕ್ಷೆ ಹಾಕಿದ ಹಾಗೆ ಹಾಕಿದಳೇ? ಇಲ್ಲಾ, ನಿನ್ನ ತಪ್ಪೊಪ್ಪಿಗೆಯೂ ನನಗೆ ಬೇಡ, ಅದನ್ನೂ ಹೊತ್ತುಕೊಂಡು ಹೋಗು ಎಂದು ವಾಪಸು ಕೊಟ್ಟಳೇ? ಬಾಗಿಲು ಬಡಿಯಲು ಕೈ ಎತ್ತಿದ. ಬಡಿದು ಏನು ಕೇಳುವುದು? ಯಾವ ಉತ್ತರ ಬಂದರೂ ಅದನ್ನು ಮತ್ತೆ ತಿರುವಿ ಹಿಂದೆ ಏನಿದೆ ಎಂದು ನೋಡುವವನು ತಾನೇ ಅಲ್ಲವೇ. ಕೈ ಇಳಿಸಿ ಓಣಿಯಲ್ಲಿ ಹಿಂದಿರುಗಿದ.

ಸುಂದರಬಾಯಿ ಬಾಗಿಲಲ್ಲೇ ಕಾಯುತ್ತ ನಿಂತಿದ್ದಳು. ಅಳು ಬಂದು ಹೋದ ಕಣ್ಣು. ಇವಳಿಗೆ ಏನೂ ಗೊತ್ತಿರಲಿಲ್ಲ, ಇವಳು ಬರೀ ಗೋಡೆಗೆ ಬಣ್ಣ ಬಳಿಸಿದ್ದಳು ಎಂಬುದು ಆ ಕಣ್ಣನ್ನು ನೋಡಿದ ಕೂಡಲೆ ತಿಳಿಯಿತು. ನಾಲ್ಕು ತಿಂಗಳು ಇವಳ ನಗುವನ್ನು, ಸೀರೆಯನ್ನು, ಸುಣ್ಣದವನ ಬಕೆಟ್ಟನ್ನು ಜರಡಿ ಹಿಡಿದದ್ದು ನೆನಪಾಗಿ ಮುಖ ಬಿಸಿಯಾಯಿತು.

“ಏನಂದ್ರು?” ಎಂದು ಕೇಳಿದಳು.

ಆ ಒಂದು ಮಾತು ಹೇಳಿದರೆ ಸಾಕಿತ್ತು. ಅವು ಆಕೆಯವೇ ಅಲ್ಲವಂತೆ, ಸುಳ್ಳು ಹೇಳಿದ್ದಳಂತೆ. ಹೇಳಿದ್ದರೆ ಹೆಂಡತಿಯ ಮುಂದೆ ಅವನು ತೊಳೆದಷ್ಟು ಶುಭ್ರ, ಮುದುಕಿ ಸುಳ್ಳಿ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಅದರ ರುಚಿಯೂ ತಿಳಿಯುತ್ತಿತ್ತು.

“ಏನೂ ಅನಲಿಲ್ಲ,” ಅಂದ ಮಡೆಪ್ಪ.

ಸುಂದರಬಾಯಿ ಅವನನ್ನು ನೋಡಿದಳು. ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಗುರುತಿಸಿದವಳ ಹಾಗೆ, ಮುಖದ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನಿಧಾನವಾಗಿ ನೋಡಿದಳು. ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಅವನು ಅವಳ ಕಣ್ಣು ತನ್ನ ಬೆನ್ನ ಮೇಲಿರುವುದನ್ನು ತಿಳಿದೂ, ತಿರುಗದೆ, ಚಪ್ಪಲಿ ಬಿಟ್ಟು ಒಳಗೆ ಹೋದ.